ಹಿತ್ತಲಿಗೆ ಕೊಡೆ

ಹಿತ್ತಲ ಬಾಗಿಲು ತೆರೆದವಳಿಗೆ ಕಣ್ಣು ಕೋರೈಸಿತು. ತಮ್ಮನ ಮನೆಯಲ್ಲಿ ಒಂದು ವಾರ ಇದ್ದು, ಆಗಷ್ಟೇ ಬಂದು ಚೀಲ ಕೆಳಗಿಟ್ಟಿದ್ದಳು. ಮಟಮಟ ಮಧ್ಯಾಹ್ನವೂ ಮಬ್ಬಾಗಿ ತಣ್ಣಗಿರುತ್ತಿದ್ದ ಜಾಗದಲ್ಲಿ ಈಗ ಬರೀ ಆಕಾಶ. ಮೂಲೆಯ ದೊಡ್ಡ ಮರ ಇದ್ದಲ್ಲಿ ಮೊಣಕಾಲೆತ್ತರದ ಬೊಡ್ಡೆಯೊಂದು ಕೂತಿತ್ತು.

"ಹೇಗಿದೆ?" ಎಂದ ಗಂಡ, ಬೆನ್ನ ಹಿಂದಿನಿಂದ. ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟುಕೊಂಡು ಕೊಡೆ ರಿಪೇರಿ ಮಾಡುವ ಮನುಷ್ಯ. ಕೈಯಲ್ಲಿ ಇಕ್ಕಳ, ಮುಖದ ತುಂಬ ಸಂಭ್ರಮ. "ಬಿಸಿಲಿಲ್ಲ, ಬಿಸಿಲಿಲ್ಲ ಅಂತ ಎಷ್ಟು ವರ್ಷ ಗೋಳಾಡ್ದೆ! ನೀನು ಬರೋದ್ರೊಳಗೆ ಮುಗಿಸ್ಬೇಕು ಅಂತ ಆಳು ಕರೆಸಿ ಕಡಿಸ್ಬಿಟ್ಟೆ."

ಗೋಳಾಡಿದ್ದು ನಿಜ. ಆ ಹಿತ್ತಲಲ್ಲಿ ಅವಳು ನೆಟ್ಟ ಗುಲಾಬಿ ಬರೀ ಮುಳ್ಳಾಗಿತ್ತು, ಟೊಮೆಟೊ ಗಿಡ ದಾರದಂತೆ ಎಳೆದುಕೊಂಡು ಹೋಗಿ ಮುರಿದಿತ್ತು. ಆಮೇಲೊಂದು ದಿನ ಅಕ್ಕ ತೂತು ಬಕೆಟ್ಟಿನಲ್ಲಿ ಹೋಸ್ಟಾ ಎಂಬ ಎಲೆಗಿಡದ ಒಂದು ಬುಡ ತಂದುಕೊಟ್ಟಳು. "ಇದಕ್ಕೆ ಬಿಸಿಲು ಬೇಡ ಕಣೇ, ನಿನ್ನ ಹಿತ್ತಲಿಗೆ ಹೇಳಿ ಮಾಡ್ಸಿದ್ದು." ಅಂಗೈಗಿಂತ ಅಗಲದ, ಗೀರುಗೀರಾದ, ಅಂಚಿಗೆ ಬಿಳಿ ಪಟ್ಟಿ ಇರುವ ಎಲೆಗಳು. ಚಳಿಗಾಲದಲ್ಲಿ ಪೂರ್ತಿ ಒಣಗಿ ಮಣ್ಣು ಸೇರುವುದು, ಚಳಿ ಮುಗಿದೊಡನೆ ಸುರುಳಿ ಸುತ್ತಿಕೊಂಡು ಮೇಲೇಳುವುದು. ಬುಡ ದಪ್ಪವಾದಂತೆಲ್ಲ ಅವಳು ಅಡುಗೆಮನೆಯ ಚಾಕುವಿನಿಂದ ಕೊಯ್ದು ಎರಡು ಮಾಡಿ ನೆಡುತ್ತಾ ಬಂದಳು. ಗೋಡೆಯಿಂದ ಗೋಡೆಗೆ ಹಸಿರು ಹಬ್ಬಿತು. ಅಲ್ಲಿಂದ ಮುಂದೆ ಬಿಸಿಲಿನ ಮಾತೇ ಅವಳ ಬಾಯಲ್ಲಿ ಬಂದಿರಲಿಲ್ಲ. ಆದರೆ ಅವಳಾಡಿದ ಮಾತು ಗಂಡನ ಕಿವಿಯಿಂದ ಕೈಗೆ ಇಳಿಯಲು ವರ್ಷಗಳೇ ಹಿಡಿಯುತ್ತಿದ್ದವು. ಇದೂ ಹಾಗೇ ಈಗ ಇಳಿದಿತ್ತು.

ಎಲೆಗಳ ಬಿಳಿ ಅಂಚು ಆಗಲೇ ಕಂದುಗಟ್ಟಿ, ಹಳೇ ಪೇಪರಿನಂತೆ ಪುಡಿಯಾಗುತ್ತಿತ್ತು. ಅವಳಿಗೆ ಸಿಟ್ಟು ನೆತ್ತಿಗೇರಿತು, ಅದರ ಬೆನ್ನಿಗೇ ಅಳು ಬಂತು.

"ರೀ, ಇವಕ್ಕೆ ನೆರಳೇ ಜೀವ. ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನಿಂಗೆ ಆಶ್ಚರ್ಯ ಹೇಗಾಗ್ತಿತ್ತು?"

"ಆಯ್ತಲ್ಲ ಈಗ!"

ಗಂಡನ ಮುಖ ಸಪ್ಪಗಾಯಿತು. "ಹೋಗ್ಲಿ ಬಿಡೇ. ಬೇರೆ ತಂದ್ರಾಯ್ತು."

"ಎಲ್ಲಿಂದ ತರ್ತೀರಿ? ಅಕ್ಕನ್ನ ಎಬ್ಬಿಸ್ಕೊಂಡು ಬರ್ತೀರಾ?"

ಅಕ್ಕ ತೀರಿಕೊಂಡು, ಅವಳ ಮನೆ ಮಾರಿಹೋಗಿ, ಕೊಂಡವರು ಅಲ್ಲಿಯ ಹಿತ್ತಲಿಗೆಲ್ಲ ಸಿಮೆಂಟು ಬಳಿಸಿದ್ದರು. ಅಕ್ಕನದು ಅಂತ ಉಳಿದಿದ್ದು ಈ ಎಲೆಗಳು ಮಾತ್ರ. ಒಂದನ್ನೂ ಸಾಯಲು ಬಿಡುವುದಿಲ್ಲ ಎಂದು ಅವಳು ತೋಳೇರಿಸಿದಳು. ಈ ಬಿಸಿಲಲ್ಲಿ ಕಿತ್ತು ಬೇರೆಡೆ ನೆಟ್ಟರೆ ಬೇರೂ ಉಳಿಯುವುದಿಲ್ಲ, ಇದ್ದಲ್ಲೇ ಉಳಿಸಿಕೊಳ್ಳಬೇಕು. ಬುಡಬುಡಕ್ಕೆ ನೀರು ಹೊಯ್ದಳು. ಹಗ್ಗ ಕಟ್ಟಿ ಮಂಚದ ಮೇಲಿನ ಹೊದಿಕೆ ಹರವಿದಳು. ಗಾಳಿ ಬೀಸಿ ಹಗ್ಗ ಕಿತ್ತುಬಂತು, ಹೊದಿಕೆ ದೊಪ್ಪೆಂದು ಬಿದ್ದು ನಾಲ್ಕಾರು ಎಲೆ ಮುರಿಯಿತು. ಮತ್ತೆ ಕಟ್ಟಿದಳು, ಮತ್ತೆ ಬಿತ್ತು. ಕೊನೆಗೆ ಅಕ್ಕ ಕೊಟ್ಟ ಮೊದಲ ಬುಡದ ಪಕ್ಕ ಸೂರ್ಯನಿಗೆ ಬೆನ್ನು ಮಾಡಿ, ತನ್ನ ನೆರಳನ್ನೇ ಅದರ ಮೇಲೆ ಹಾಕಿ ನಿಂತುಬಿಟ್ಟಳು.

"ಒಳಗೆ ಬಾರೇ, ತಲೆ ಸುತ್ತಿ ಬೀಳ್ತೀಯ."

"ಬಿದ್ರೆ ನಾನು ಎದ್ದೇಳ್ತೀನಿ. ಇವು ಏಳಲ್ಲ."

ಗಂಡ ಒಳಗೆ ಹೋದ. ಹೋಗಲಿ, ತನ್ನ ಪಾಡಿಗೆ ತಾನಿರುತ್ತೇನೆ ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ತಂಪಾಯಿತು. ಗಂಡ ಒಂದು ಕರಿ ಕೊಡೆ ಬಿಚ್ಚಿ ಅವಳ ಮೇಲೆ ಹಿಡಿದು ನಿಂತಿದ್ದ. ಅವಳು ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

"ನಂಗಲ್ಲ ರೀ, ಇದಕ್ಕೆ!"

ಗಿಡದ ಪಕ್ಕ ಊರಲು ನೋಡಿದಳು. ಬಾಗಿದ ಹಿಡಿ ಮಣ್ಣಿಗೆ ಇಳಿಯಲೊಲ್ಲದು. ಅವನು ಬಗ್ಗಿ, ಇಕ್ಕಳ ಹಾಕಿ ತಿರುಪಿ ಹಿಡಿಯನ್ನು ಕಳಚಿದ. ಬರಿಯ ಕೋಲು ಸಲೀಸಾಗಿ ಇಳಿಯಿತು. ನೆರಳು ಬಿತ್ತು. ಇಬ್ಬರೂ ಅದನ್ನೇ ನೋಡಿದರು. ಆಮೇಲೆ ಅವನು ಅಂಗಡಿಗೆ ಹೋಗಿ ಯಾರೂ ಒಯ್ಯಲು ಬಾರದೆ ಬಿದ್ದಿದ್ದ ಕೊಡೆಗಳನ್ನು ಕಂಕುಳಲ್ಲಿ ಅವುಚಿಕೊಂಡು ಬಂದ. ಅವು ಸಾಲದೆ ಹೋದಾಗ ಬೆಳಗ್ಗೆ ರಿಪೇರಿ ಮಾಡಿಟ್ಟವೂ ಬಂದವು.

ಕೆಲವು ದಿನಗಳ ನಂತರ ಪೋಸ್ಟ್‌ಮನ್ ಬಂದು ಅಂಗಡಿಯ ಹೊಸ್ತಿಲಲ್ಲಿ ನಿಂತ. "ನನ್ನ ಕೊಡೆ ಆಯ್ತಾ?"

"ಆಗಿದೆ. ಈಗ ಡ್ಯೂಟಿ ಮೇಲಿದೆ, ಸಂಜೆ ಬನ್ನಿ."

ನಂಬದೆ ಪೋಸ್ಟ್‌ಮನ್ ಅವನ ಜೊತೆ ಒಳಗೆ ಹೋಗಿ ಹಿತ್ತಲಿಗೆ ಇಣುಕಿದ. ಕರಿಯದು, ಪಟ್ಟೆಯದು, ಮಕ್ಕಳ ಹೂವಿನ ಕೊಡೆ, ಒಂದಕ್ಕೊಂದು ಭುಜ ತಾಗಿಸಿ ಕೂತಿದ್ದವು. ಕೆಳಗೆ ಕಂದಿದ ಎಲೆಗಳ ನಡುವಿನಿಂದ ಹೊಸ ಸುರುಳಿಗಳು ತಲೆ ಎತ್ತಿದ್ದವು. ಅವಳು ಅವುಗಳ ನಡುವೆ ಬಗ್ಗಿ ನೀರು ಹಾಕುತ್ತಿದ್ದಳು.

"ಮಳೆ ಬಂದ್ರೆ ನನ್ನ ಗತಿ ಏನಕ್ಕಾ?"

"ಮಳೆ ಬಂದ್ರೆ ತಗೊಂಡ್ಹೋಗಪ್ಪಾ. ಇವಕ್ಕೆ ಮಳೆಗೆ ಕೊಡೆ ಬೇಡ."

ಪೋಸ್ಟ್‌ಮನ್ ನಕ್ಕ. ಬೊಡ್ಡೆಯ ಪಕ್ಕ, ಸುಡುಬಿಸಿಲಿನಲ್ಲಿ, ಬೆರಳು ಗಾತ್ರದ ಸಸಿಯೊಂದು ಒಂಟಿಯಾಗಿ ನಿಂತಿದ್ದು ಕಣ್ಣಿಗೆ ಬಿತ್ತು. "ಪಾಪ, ಅದಕ್ಕೊಂದು ಕೊಡೆ ಸಿಗ್ಲಿಲ್ವಾ?"

"ಅದು ಮರದ ಸಸಿ, ಅದಕ್ಕೆ ಬಿಸಿಲು ಬೇಕು," ಎಂದ ಗಂಡ. ಹೆಂಡತಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಸೇರಿಸಿದ: "ಈ ಸಲ ಕೇಳ್ಕೊಂಡೇ ನೆಟ್ಟಿದ್ದೀನಿ."