ಕಾಗಿಣಾ ದಂಡೆಗೆ ಬಿಟ್ಟ ಇಲಿ

“ಮಾಸ್ತರ್, ಇದು ನಿಮ್ಮ ಮನಿ ಇಲಿ ಹೌದೋ ಅಲ್ಲೋ, ನೀವೇ ನೋಡಿ ಹೇಳ್ರಿ” ಎಂದು ಪಕ್ಕದ ಮನೆಯ ನಾಮದೇವ ಇಲಿಯ ಬೋನನ್ನು ತಂದು ಕಾರಿನ ಬಾನೆಟ್ ಮೇಲೆ ಇಟ್ಟ.

ಶಾಲೆಗೆ ಹೊರಡಲೆಂದು ಕಾರಿನ ಬಾಗಿಲು ತೆಗೆದಿದ್ದ ರಘೂತ್ತಮ ಮಾಸ್ತರರು ಹಾಗೆಯೇ ನಿಂತರು. “ಏನಪಾ ನಾಮದೇವ, ಇಲಿ ಮ್ಯಾಲ ಯಾರದರೆ ಹೆಸರು ಬರದಿರ್ತದೇನು?”

“ಹೆಸರು ಬರದಿಲ್ರಿ. ಕುಂಕುಮ ಹಚ್ಚ್ಯಾರ.”

ಹಚ್ಚಿದ್ದರು. ಇಡೀ ಸೇಡಂ ಹುಡುಕಿದರೂ ಇಲಿಗೆ ಕುಂಕುಮ ಹಚ್ಚಿ ಬೀಳ್ಕೊಡುವ ಮನೆ ಒಂದೇ, ಅದು ಮಾಸ್ತರರದು. ಕಾರು ಕೊಂಡ ಹೊಸದರಲ್ಲೇ ಇಲಿಗಳು ಅದರ ವೈರು ಕಡಿಯಲು ಹತ್ತಿದ್ದವು. ಮೆಕ್ಯಾನಿಕ್ ಹೇಳಿದನೆಂದು ಮಾಸ್ತರರು ಬಾನೆಟ್ಟಿನೊಳಗೆ ಡಾಂಬರ್ ಗುಳಿಗೆ ಇಟ್ಟರು. ಇಲಿಗಳು ಗುಳಿಗೆಯನ್ನು ಬದಿಗೆ ಸರಿಸಿ ವೈರು ತಿಂದವು. ಇಂಜಿನ್ನಿನ ಸುತ್ತ ತಂಬಾಕಿನ ಎಲೆ ಕಟ್ಟಿ, ಒಳಗೆ ಕತ್ತಲಾಗಬಾರದೆಂದು ಬಾನೆಟ್ ತೆರೆದಿಟ್ಟು ಮಲಗಿದರು. ಬೆಳಿಗ್ಗೆ ಹಾಲು ಹಾಕಲು ಬಂದವನು ತಂಬಾಕು ಕಂಡು, ಮಾಸ್ತರರು ದೊಡ್ಡ ಮನಸ್ಸಿನವರೆಂದುಕೊಂಡು ಜೇಬಿಗಿಳಿಸಿದ. ವಿಷ ಇಡೋಣವೆಂದರೆ ಹೆಂಡತಿ ಸುಮಿತ್ರಾಬಾಯಿ ಒಪ್ಪಲಿಲ್ಲ. ಗಣಪತಿಯ ವಾಹನ ಕೊಂದು ನಮ್ಮ ವಾಹನ ಉಳಿಸಿಕೊಳ್ಳುವುದೇ ಎಂದಳು.

ಕೊನೆಗೆ ಉಳಿದದ್ದು ಬೋನು. ಅದರಲ್ಲಿ ಬಿದ್ದ ಇಲಿಗೆ ಸುಮಿತ್ರಾಬಾಯಿ ಹೆದರಿ ಕಣ್ಣು ಮುಚ್ಚಿಕೊಂಡೇ ಸರಳಿನ ಸಂದಿಯಿಂದ ಕುಂಕುಮ ಹಚ್ಚುವಳು, ದಾರಿಗೆಂದು ಒಂದು ಚೂರು ಜೋಳದ ಭಕ್ಕರಿ ಹಾಕುವಳು, ಕಾಗಿಣಾ ನದಿ ದಂಡೆಗೆ ಬಿಟ್ಟು ಬರ್ರಿ ಎಂದು ಗಂಡನ ಕೈಗೆ ಕೊಡುವಳು. ಮಾಸ್ತರರು ಹೋದಷ್ಟೇ ಬೇಗ ಬಂದುಬಿಡುತ್ತಿದ್ದರು. ಇಷ್ಟು ಬೇಗ ಹೇಗೆ ಎಂದು ಆಕೆ ಕೇಳಿದವಳಲ್ಲ. ಗಂಡ ಒಮ್ಮೆ ಹೇಳಿದ್ದನ್ನು ಎರಡನೇ ಸಲ ಕೇಳುವ ರೂಢಿ ಆಕೆಗೆ ಮದುವೆಯಾದಾಗಿನಿಂದ ಇರಲಿಲ್ಲ. ಊರಲ್ಲಿ ಯಾರೂ ನಂಬದಿದ್ದರೂ ಮನೆಯಲ್ಲಿ ತಮ್ಮ ಮಾತು ನಡೆಯುತ್ತದೆ ಎಂಬುದೇ ಮಾಸ್ತರರ ದೊಡ್ಡ ಆಸ್ತಿ.

ನಿಜ ಹೇಳಬೇಕೆಂದರೆ ಅವರು ನದಿಯ ಕಡೆ ಮುಖ ಸಹ ಹಾಕಿರಲಿಲ್ಲ. ನದಿ ದೂರ, ನಾಮದೇವನ ಗೋಡೆ ಹತ್ತಿರ. ಇಲಿಯನ್ನು ಆ ಗೋಡೆಯ ಮೇಲಿಂದ ಆಚೆ ಒಗೆದು ಬರುತ್ತಿದ್ದರು. ಗೋಡೆಯಾಚೆ ಅವನ ಬಾಡಿಗೆ ಜೀಪು ನಿಂತಿರುತ್ತಿತ್ತು. ಜೀಪು ಹಳೆಯದು, ವೈರೂ ಹಳೆಯದು, ತಿಂದರೆ ಯಾರಿಗೇನು ನಷ್ಟ ಎಂದು ಅವರ ಲೆಕ್ಕ. ಅವರು ಕಲಿಸುವುದು ವ್ಯಾಕರಣ, ಲೆಕ್ಕವಲ್ಲ.

“ನಿನ್ನೆ ಚಿತ್ತಾಪುರಕ್ಕ ಲಗ್ನದ ಬಾಡಿಗಿ ಇತ್ತು” ಎಂದ ನಾಮದೇವ. “ಜೀಪು ಚಾಲೂನೇ ಆಗಲಿಲ್ಲ. ಮದುಮಗ ಬಾಸಿಂಗ ಕೈಯಾಗ ಹಿಡಕೊಂಡು ಟ್ರ್ಯಾಕ್ಟರ್‌ನಾಗ ನಿಂತು ಹೋದ. ಇನ್ನ ಆ ಊರಿಂದ ನನಗ ಯಾರು ಕರೀತಾರ?”

ಮಾತು ಕೇಳಿ ಸುಮಿತ್ರಾಬಾಯಿ ಹೊರಗೆ ಬಂದಳು. ಬೋನನ್ನೂ ಗಂಡನನ್ನೂ ನೋಡಿದಳು. “ಮೊನ್ನಿ ಕಾಗಿಣಾ ದಂಡಿಗೆ ಬಿಟ್ಟು ಬಂದೀನಿ ಅಂದಿದ್ರಲ್ರಿ?”

ಕಾರು ಹೋದರೆ ಹೋಗಲಿ, ಈಕೆಯ ಮುಂದೆ ಮಾತು ಹೋಗಬಾರದು ಎಂದು ಮಾಸ್ತರರಿಗೆ ಅನಿಸಿತು. “ಬಿಟ್ಟಿದ್ದೆ. ಅದೇ ತಿರುಗಿ ಬಂದದ. ಇಲಿಗೆ ದಾರಿ ಭಾಳ ನೆನಪಿರ್ತದ.”

“ನೆನಪಿದ್ರ ನಿಮ್ಮ ಮನಿಗೆ ಬರಬೇಕಿತ್ತು, ನಮ್ಮನಿಗ್ಯಾಕ ಬಂತ್ರಿ?”

“ಕತ್ತಲಾಗ ಮನಿ ತಪ್ಪಿರಬೇಕು.”

ಸುಮಿತ್ರಾಬಾಯಿ ಚಷ್ಮಾ ಹಾಕಿಕೊಂಡು, ಈ ಸಲ ಕಣ್ಣು ತೆರೆದೇ ಬೋನಿನ ಮೇಲೆ ಬಾಗಿದಳು. ಕುಂಕುಮದ ಅಡಿಯಲ್ಲಿ ಇನ್ನೊಂದು ಬೊಟ್ಟು ಕಾಣುತ್ತಿತ್ತು, ಕಪ್ಪನೆಯದು. ಮೂಸಿ ನೋಡಿದಳು. ಪಂಢರಪುರಕ್ಕೆ ನಡೆದು ಹೋಗಿಬರುವವರು ಹಣೆಗೆ ಹಚ್ಚುವ ಕಪ್ಪು ಬುಕ್ಕಾದ ಪರಿಮಳ. ಓಣಿಯಲ್ಲಿ ವರ್ಷ ತಪ್ಪದೆ ಪಂಢರಪುರಕ್ಕೆ ಹೋಗುವವನು ನಾಮದೇವನೊಬ್ಬನೇ.

“ನಾಮದೇವಣ್ಣ, ಇದಕ್ಕ ಬುಕ್ಕಾ ಯಾರು ಹಚ್ಚಿದ್ರು?”

ನಾಮದೇವನ ಮುಖ ಇಳಿಯಿತು. “ನಮ್ಮ ಮನಿಯಾಕಿ ಜಗದೇವಿ ಹಚ್ಚಿರಬೇಕ್ರಿ ವೈನಿ. ಹೋದ ವಾರ ನಮ್ಮ ಬೋನಿನಾಗ ಬಿದ್ದಿತ್ತು. ಸ್ಟೇಷನ್ ಆಚಿ ಬಿಟ್ಟು ಬಂದಿದ್ದೆ.”

“ಸ್ಟೇಷನ್ನಿಂದನೂ ದಾರಿ ನೆನಪಿತ್ತೇನು ಇದಕ್ಕ?”

ನಾಮದೇವ ಚಪ್ಪಲಿಯ ತುದಿ ನೋಡುತ್ತ ನಿಂತ. ಇಲಿಗಳು ಎಂದುಕೊಂಡಿದ್ದರೂ ಇದ್ದದ್ದು ಒಂದೇ ಇಲಿ. ಎರಡು ಮನೆಯ ಭಕ್ಕರಿ, ಎರಡು ಗಾಡಿಯ ವೈರು ತಿಂದುಕೊಂಡು, ಇಬ್ಬರು ಮುತ್ತೈದೆಯರಿಂದ ಮರ್ಯಾದೆ ಮಾಡಿಸಿಕೊಂಡು, ಗೋಡೆಯ ಆಚೆಗೊಮ್ಮೆ ಈಚೆಗೊಮ್ಮೆ ಓಡಾಡಿ ಚೆನ್ನಾಗಿ ಮೈ ತುಂಬಿಕೊಂಡಿತ್ತು.

ತಪ್ಪಿನಲ್ಲಿ ಪಾಲುದಾರ ಸಿಕ್ಕ ಕೂಡಲೇ ಮಾಸ್ತರರಿಗೆ ಎಲ್ಲಿಲ್ಲದ ಧೈರ್ಯ ಬಂತು. “ನೋಡಿದ್ಯಾ? ಅವನೂ ಗ್ವಾಡಿ ಮ್ಯಾಲಿಂದನೇ ಒಗದಾನ” ಎಂದುಬಿಟ್ಟರು.

“ಅವನೂ?” ಎಂದಳು ಸುಮಿತ್ರಾಬಾಯಿ.

ಮಕ್ಕಳಿಗೆ ಒಂದೊಂದು ಅಕ್ಷರದ ಬೆಲೆ ಹೇಳಿಕೊಡುತ್ತ ಬಂದ ಮಾಸ್ತರರು ಒಂದೇ ಒಂದು ದೀರ್ಘದಲ್ಲಿ ಸಿಕ್ಕಿಬಿದ್ದರು. ನಾಮದೇವನಿಗೆ ನಗು ಬಂತು, ನಗುವ ಹಕ್ಕು ತನಗೂ ಇಲ್ಲವೆಂದು ನೆನಪಾಗಿ ಕೆಮ್ಮಿದ.

ಸುಮಿತ್ರಾಬಾಯಿ ಚಪ್ಪಲಿ ಮೆಟ್ಟಿ, ಸೆರಗು ಬಿಗಿದು, ಬೋನನ್ನು ತಾನೇ ಎತ್ತಿಕೊಂಡಳು. ಮಾಸ್ತರರು ಗಾಬರಿಯಾಗಿ ಅಡ್ಡ ಬಂದರು. “ನೀ ಯಾಕ ಹೊಂಟಿ? ಇಲ್ಲಿ ಕೊಡು. ಹ್ಯಾಂಗೂ ಸಾಲಿಗೆ ಹೊಂಟೀನಿ, ಮೊದಲ ನದಿಗೆ ಹೋಗಿ ಬಿಟ್ಟು ಹೋಗ್ತೀನಿ. ಖರೇನೇ ಬಿಡ್ತೀನಿ.”

ಆಕೆ ಬೋನು ಕೊಡಲಿಲ್ಲ. ಗೇಟಿನ ತನಕ ಹೋಗಿ, ಏನೋ ಹೊಳೆದವಳಂತೆ ನಿಂತು ತಿರುಗಿದಳು.

“ದಿನಾ ಸಾಲಿಗೆ ಹೊಂಟೀನಿ ಅಂತೀರಲ್ರಿ, ಸಾಲಿ ತನಕ ಹೋಗ್ತೀರೋ, ಗ್ವಾಡಿ ತನಕಾನೋ?”