ಇಲ್ಲಿ ಎಲ್ಲ ಕ್ಷೇಮ, ಅಲ್ಲಿ?

“ದನಿ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ.”

ಹೊಸ ಸಾಹೇಬರು ಮೊನ್ನೆಯ ಕರೆಯ ಧ್ವನಿಮುದ್ರಣ ಕೇಳುತ್ತಿದ್ದದ್ದನ್ನು ನಿಲ್ಲಿಸಿ, ಎದುರು ನಿಂತಿದ್ದ ಹೆಂಗಸನ್ನು ದಿಟ್ಟಿಸಿದರು. ಕಚೇರಿಯವರೆಲ್ಲ ಅವಳನ್ನು ಆಪರೇಟರಮ್ಮ ಎನ್ನುತ್ತಿದ್ದರು. ಕರೆಯಲ್ಲಿ ಗಡಿಯಾಚೆಯ ಹುಡುಗಿಯ ದನಿ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿತ್ತು. ಆದರೂ ಈಕೆ ಮತ್ತೆ ಮತ್ತೆ ಹೇಳಿಸಿದ್ದಳು.

ಎರಡು ದೇಶಗಳ ನಡುವೆ ರೈಲು, ಅಂಚೆ, ಫೋನು ಎಲ್ಲಕ್ಕೂ ಬೀಗ ಬಿದ್ದು ವರ್ಷಗಳಾಗಿದ್ದವು. ಉಳಿದದ್ದು ಇದೊಂದೇ ಲೈನು. ಗಡಿಯ ಎರಡೂ ಬದಿಗೆ ಅಣುಸ್ಥಾವರಗಳಿದ್ದವಲ್ಲ, ಎಷ್ಟೇ ಹಲ್ಲು ಮಸೆದರೂ ಸೋರಿಕೆಗೆ ಇಬ್ಬರೂ ಹೆದರಲೇಬೇಕು. ದಿನಾ ಬೆಳಿಗ್ಗೆ ಆ ಕಡೆಯ ಹುಡುಗಿ “ಇಲ್ಲಿ ಎಲ್ಲ ಕ್ಷೇಮ. ಅಲ್ಲಿ?” ಎನ್ನಬೇಕು. ಈ ಕಡೆಯಿಂದ “ಎಲ್ಲ ಕ್ಷೇಮ” ಎನ್ನಬೇಕು. ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿಸಬಹುದು. ಅದರಾಚೆ ತುಟಿ ಬಿಚ್ಚಿದವರ ಕೆಲಸ ಹೋಯಿತೆಂದೇ ಲೆಕ್ಕ.

“ಜ್ವರ ಬಂದ್ರೂ ರಜೆ ಹಾಕಿಲ್ಲ. ಬಡ್ತಿ ಕೊಟ್ರೆ ಬೇಡ ಅಂದಿದ್ದೀರಿ. ಏನಮ್ಮ ಇದರ ಗುಟ್ಟು?”

“ಅಭ್ಯಾಸ ಆಗಿಹೋಗಿದೆ ಸಾರ್.”

“ಆ ಕಡೆ ನಿಮ್ಮೋರು ಯಾರಾದ್ರೂ ಇದ್ದಾರಾ?”

“ಇದ್ದಿದ್ರೆ ಒಂದು ಮಾತಾದ್ರೂ ಆಡದೆ ಇರ್ತಿದ್ನಾ ಸಾರ್?”

ಅದೂ ಸರಿಯೇ. ಆದರೆ ಸಾಹೇಬರ ಮೂಗಿಗೆ ಬೇಹುಗಾರಿಕೆಯ ವಾಸನೆ ಬಡಿದಾಗಿತ್ತು. ಮೊನ್ನೆಯ ಕರೆಯಲ್ಲಿ ಹಿಂದಿನಿಂದ ಎಳೆಕೂಸಿನ ಅಳು ಕೇಳಿಸಿತ್ತು. ಅಣುಸ್ಥಾವರದ ಲೈನಿನಲ್ಲಿ ಕೂಸಿಗೇನು ಕೆಲಸ? ಸಂಕೇತವಲ್ಲದೆ ಮತ್ತೇನು? ಈಕೆ ಬಿಡದೆ “ಇನ್ನೊಮ್ಮೆ, ಇನ್ನೊಮ್ಮೆ” ಎಂದದ್ದೂ ಅವತ್ತೇ.

“ನಾಳೆಯಿಂದ ಈ ಕುರ್ಚಿ ನಿಮ್ಮದಲ್ಲ,” ಎಂದರು.

ಆಪರೇಟರಮ್ಮನ ಮುಖ ಬಿಳಿಚಿಕೊಂಡಿತು. “ಬೇಕಾದ್ರೆ ಕಸ ಗುಡಿಸ್ತೀನಿ ಸಾರ್. ಬೆಳಿಗ್ಗೆ ಅದೊಂದು ಕರೆ ಮಾತ್ರ ನನಗೆ ಬಿಡಿ.”

ಕುರ್ಚಿಗಾಗಿ ಕಣ್ಣೀರು ಹಾಕುವವರನ್ನು ಸಾಹೇಬರು ಬೇಕಾದಷ್ಟು ಕಂಡಿದ್ದರು. ಮನಸ್ಸು ಕರಗಲಿಲ್ಲ. ಅವಳು ಹೆಡ್‌ಫೋನನ್ನು ನಿದ್ದೆಹೋದ ಮಗುವನ್ನು ಮಲಗಿಸುವ ಹಾಗೆ ಮೇಜಿನ ಮೇಲಿಟ್ಟು ಹೊರಟುಹೋದಳು.

ಮರುದಿನ ಬೆಳಿಗ್ಗೆ, ಗುಟ್ಟು ಬಯಲು ಮಾಡಿಯೇ ತೀರುತ್ತೇನೆಂದು ಸಾಹೇಬರು ತಾವೇ ಕುಳಿತರು. ಕರೆ ಬಂತು.

“ಇಲ್ಲಿ ಎಲ್ಲ ಕ್ಷೇಮ. ಅಲ್ಲಿ?”

“ಎಲ್ಲ ಕ್ಷೇಮ.”

ಆ ಕಡೆಯ ಹುಡುಗಿ ಫೋನು ಇಡಲಿಲ್ಲ. ಅವಳ ಉಸಿರು ಕೇಳಿಸುತ್ತಿತ್ತು. ಹಿಂದೆ ಕೂಸು ಅತ್ತಿತು.

“ದನಿ ಸರಿಯಾಗಿ ಕೇಳಿಸಲಿಲ್ಲ,” ಎಂದಳು. “ಇನ್ನೊಮ್ಮೆ ಹೇಳಿ.”

“ಎಲ್ಲ ಕ್ಷೇಮ!” ಸಾಹೇಬರು ಗದರಿದರು.

ಆಮೇಲೆ, ಕೆಲಸ ಹೋದರೂ ಹೋಗಲಿ ಎಂದುಕೊಂಡವಳಂತೆ, ಅವಳು ಕೇಳಿದಳು:

“ನಮ್ಮಮ್ಮ ಬದುಕಿದ್ದಾರಾ ಸಾರ್?”