ಒರೆಸಿದ ಕೆನ್ನೆ

"ನನ್ನ ಮಗಳು ಮುಖದ ಚರ್ಮ ಕೆರೆಸಿಕೊಳ್ತಾಳಂತೆ ಕಣೋ. ನಾಳೆ ಬೆಳಗ್ಗೆನೇ."

ಸ್ಟುಡಿಯೋ ಬಾಗಿಲಲ್ಲಿ ನಿಂತ ಅಕ್ಕ ಚಪ್ಪಲಿಯನ್ನೂ ಬಿಡಲಿಲ್ಲ. ಫೋಟೋದವನ ಕೈಯಲ್ಲಿದ್ದ ಮೌಸ್ ಅಲ್ಲೇ ನಿಂತಿತು.

ಅಕ್ಕನ ಮಗಳ ಎಡಗೆನ್ನೆಯ ಮೇಲೆ ಅಂಗೈಯಗಲದ ಕಂದು ಮಚ್ಚೆ. ಹುಟ್ಟುವಾಗಲೇ ಬಂದದ್ದು. ಅದನ್ನು ಹೊತ್ತೇ ನಗುನಗುತ್ತಾ ಬೆಳೆದವಳು. ಮದುವೆಯ ಆ್ಯಪ್‌ಗೆ ಫೋಟೋ ಬೇಕೆಂದು ಸೋದರಮಾವನ ಹತ್ತಿರವೇ ಬಂದಿದ್ದಳು. ಕಂಪ್ಯೂಟರಿನಲ್ಲಿ ಯಾವ ಮುಖ ತೆರೆದರೂ ಇವನ ಕೈ ಸುಮ್ಮನಿರದು. ಮೊಡವೆ, ಕಲೆ, ಕಣ್ಣಡಿಯ ಕಪ್ಪು, ಎಲ್ಲ ಮಾಯ. ಗಿರಾಕಿಯನ್ನು ಕೇಳುವ ಪದ್ಧತಿಯೇ ಇಲ್ಲ. ಅವತ್ತು ಮಚ್ಚೆಯನ್ನೂ ಒರೆಸಿದ. ಅವಳು ಚಿತ್ರವನ್ನು ಬಹಳ ಹೊತ್ತು ನೋಡಿ, ತಾನು ಹೀಗೂ ಇರಬಹುದಿತ್ತಾ ಎಂದು ಕೇಳಿದ್ದಳು. ಇವನು ಅದನ್ನು ಹೊಗಳಿಕೆ ಅಂದುಕೊಂಡಿದ್ದ.

ಆ ಫೋಟೋಗೆ ಹುಡುಗನೊಬ್ಬ ಮನಸೋತ. ಮಾತು ಮದುವೆಯವರೆಗೆ ಬಂತು. ಈಗ ಮುಖ ಫೋಟೋದಂತೆ ಆಗಲೇಬೇಕೆಂದು ಅವಳ ಹಟ.

ಸಂಜೆ ಅವಳನ್ನು ಕರೆಸಿದ. ಬಂದವಳು ಕೂದಲು ಸರಿಸಿ, ಕಿವಿಯ ಬುಡ ತೋರಿಸಿದಳು. ಡಾಕ್ಟರು ಲೇಸರಿನಿಂದ ಚರ್ಮದ ಮೇಲ್ಪದರ ಸುಟ್ಟು ಪರೀಕ್ಷೆ ಮಾಡಿದ ಜಾಗ. ಹೊಸ ಚರ್ಮ ಮಚ್ಚೆಗಿಂತ ಕಪ್ಪಗೆ ಬಂದಿತ್ತು. ಸದ್ಯಕ್ಕೆ ಮುಟ್ಟುವುದು ಬೇಡ ಅಂದರಂತೆ. ಬೇಡ ಅನ್ನದ ಇನ್ನೊಂದು ಕ್ಲಿನಿಕ್ ಇವಳು ಹುಡುಕಿಕೊಂಡಿದ್ದಳು.

ಫೋಟೋದವನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. ಅವಳು ಮಗುವಾಗಿದ್ದಾಗ ಅದೇ ಕೆನ್ನೆಗೆ ಮುತ್ತಿಟ್ಟವನು.

"ತಪ್ಪು ನಂದು ಪುಟ್ಟಿ. ಅವನಿಗೆ ನಿಜ ಹೇಳಿಬಿಡು."

"ಹೇಳಿದ್ರೆ ಹೋಗ್ತಾನೆ ಮಾವ."

ಹುಡುಗ ಬಲು ನಾಚಿಕೆಯವನಂತೆ. ಒಂದು ದಿನವೂ ವಿಡಿಯೋ ಕಾಲ್ ಕೇಳಿಲ್ಲವಂತೆ. ಇದೇ ಊರಿನವನಾದರೂ ಭೇಟಿಯನ್ನು ತಾನೇ ಮುಂದೂಡುತ್ತಿದ್ದಾನಂತೆ. ತನ್ನ ಪುಣ್ಯ ಅಂದಳು. ಆಮೇಲೆ ಫೋನು ಮುಂದೆ ಹಿಡಿದಳು.

"ನೋಡು, ಹೇಗಿದ್ದಾನೆ. ಇವನೆದುರು ಈ ಮುಖ ಹೊತ್ಕೊಂಡು ಹೋಗ್ಲಾ?"

ಫೋಟೋದವನು ನೋಡಿದ. ನೋಡುತ್ತಲೇ ಇದ್ದ. ಫ್ಯಾನಿನ ಕೆಳಗೇ ಬೆವರಿದ.

"ನಾಳೆ ಕ್ಲಿನಿಕ್ ಬೇಡ," ಅಂದ. "ಹತ್ತು ಗಂಟೆಗೆ ಇಲ್ಲಿಗೆ ಬಾ. ಅವನಿಗೂ ಬರೋಕೆ ಹೇಳು. ಅವನು ಮುಖ ತಿರುಗಿಸಿದ್ರೆ ನಾನೇ ನಿನ್ನನ್ನ ಕ್ಲಿನಿಕ್‌ಗೆ ಕರ್ಕೊಂಡ್ಹೋಗ್ತೀನಿ."

ಅವಳು ಅತ್ತಳು, ಜಗಳಾಡಿದಳು. ಕೊನೆಗೆ ಮೂಗು ಒರೆಸಿಕೊಳ್ಳುತ್ತಾ ಮೆಸೇಜು ಒತ್ತಿದಳು.

"ವಿಳಾಸ ಹಾಕ್ಲಾ?"

"ಸ್ಟುಡಿಯೋ ಹೆಸರು ಹಾಕು, ಸಾಕು."

ಹುಡುಗ ಟೈಪ್ ಮಾಡುತ್ತಿರುವ ಗುರುತು ಪರದೆಯ ಮೇಲೆ ಮೂಡಿತು, ಮಾಯವಾಯಿತು, ಮತ್ತೆ ಮೂಡಿತು. ಏನೋ ಬರೆಯುವುದು, ಅಳಿಸುವುದು. ಆಮೇಲೆ ಒಂದೇ ಮಾತು ಬಂತು: 'ಬರ್ತೀನಿ.'

ಹಣೆಯಿಂದ ಗಲ್ಲದವರೆಗೆ ಹರಡಿದ್ದ ಆ ಹುಡುಗನ ಮಚ್ಚೆಯನ್ನು, ಅವನನ್ನೂ ಒಂದು ಮಾತು ಕೇಳದೆ, ಒರೆಸಿ ಕೊಟ್ಟಿದ್ದು ಫೋಟೋದವನೇ.